ಕಣ್ಣು ತೆರೆಸುವ ಜಡೆಪ್ಪ

ಕಂಪ್ಲಿಯಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ತೀರಿಕೊಂಡರೆ ಮೊದಲ ಫೋನು ಕ್ರಿಯೆ ಮಾಡಿಸುವ ಅಯ್ಯನವರಿಗೆ, ಎರಡನೆಯದು ಫೋಟೋ ಜಡೆಪ್ಪನಿಗೆ. ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆ ತುಂಬ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿ, ಮನೆಮಂದಿಯೆಲ್ಲ ಎರಡೂ ಕಡೆ ಕೂತ ಮೇಲೆ ಜಡೆಪ್ಪ ಒಂದು ಫೋಟೋ ಹೊಡೆಯಬೇಕು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರು ಊರಲ್ಲಿ ಬೇಕಾದಷ್ಟು. ಅಂಥವರ ಪೂಜೆಗೆ ಆ ಕೊನೆಯ ಫೋಟೋದಿಂದಲೇ ಒಂದು ಮುಖ ಮಾಡಿಕೊಡಬೇಕು. ಮುಚ್ಚಿದ ಕಣ್ಣಿನ ಮುಖಕ್ಕೆ ಹಾರ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಜಡೆಪ್ಪ ಸತ್ತವರ ಮಗನ ಕಣ್ಣೋ ತಮ್ಮನ ಕಣ್ಣೋ ನೋಡಿಕೊಂಡು, ಮೊದಮೊದಲು ಸಣ್ಣ ಕುಂಚದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ, ಅವರ ಕಣ್ಣು ತೆರೆಸುತ್ತಿದ್ದ. ಮುಖದ ಉಳಿದ ಕೆಲಸವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಕಣ್ಣು. "ಅವ್ವ ಎದ್ದು ಕುಂತಂಗ ಅದಾಳ ನೋಡ್ರಿ" ಎಂದು ಜನ ಅಳುತ್ತ ನಗುತ್ತ ಫೋಟೋ ಒಯ್ಯುತ್ತಿದ್ದರು.

ಇಂಥವನ ಹೆಂಡತಿ ಮರುಳಸಿದ್ದಮ್ಮನ ಒಂದೂ ಫೋಟೋ ಮನೆಯಲ್ಲಿ ಇರಲಿಲ್ಲ ಎಂದರೆ ಯಾರು ನಂಬಬೇಕು! ಮದುವೆಯ ಫೋಟೋಗಳು ಹೊಳೆ ಉಕ್ಕಿ ಮನೆಗೆ ನೀರು ನುಗ್ಗಿದ ವರ್ಷವೇ ಹಾಳಾಗಿದ್ದವು. ಆಧಾರ್ ಕಾರ್ಡಿನಲ್ಲೊಂದು ಕರಿ ಮುಖ ಇತ್ತು, ಅದನ್ನು ನೋಡಿದರೆ ಅವಳಿಗೇ ತನ್ನ ಗುರುತು ಹತ್ತುತ್ತಿರಲಿಲ್ಲ. ಹರೆಯದಲ್ಲಿ ಹೊಸ ಸೀರೆ ಉಟ್ಟಾಗ ಒಂದೆರಡು ಸಲ ಬಾಯಿಬಿಟ್ಟು ಕೇಳಿದ್ದಳು. "ದಿನಾ ನೋಡೋ ಮುಖ, ಅದರ ಫೋಟೋ ತಗೊಂಡು ಏನ್ ಮಾಡ್ತಿ ಬಿಡು" ಎಂದು ಜಡೆಪ್ಪ ನಕ್ಕಿದ್ದ. ಆಮೇಲೆ ಅವಳೂ ಕೇಳಲಿಲ್ಲ, ಅವನೂ ತೆಗೆಯಲಿಲ್ಲ.

ಹೋದ ವರ್ಷದಿಂದ ಜಡೆಪ್ಪನ ಕಣ್ಣು ಕೈಕೊಡುತ್ತ ಬಂತು. ಬದಿಯಲ್ಲಿ ನಿಂತವರು ಕಾಣುತ್ತಿರಲಿಲ್ಲ, ಕಾಲಿಗೆ ತಂಬಿಗೆ ಬಡಿಯುತ್ತಿತ್ತು, ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು. ಹೊಸಪೇಟೆಯ ಕಣ್ಣಿನ ಡಾಕ್ಟರಮ್ಮ ಯಂತ್ರ ಹಚ್ಚಿ ನೋಡಿ, "ಕಣ್ಣಿನೊಳಗೆ ಒತ್ತಡ ಜಾಸ್ತಿ ಆಗಿದೆ. ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದದ್ದು ಉಳೀಬೇಕು ಅಂದ್ರೆ ಈ ಹನಿ ಬೆಳಿಗ್ಗೆ ಸಂಜೆ ತಪ್ಪಿಸಬೇಡಿ" ಎಂದು ಬಿಡಿಸಿ ಹೇಳಿದರು. ಹನಿ ಹಾಕುವ ಕೆಲಸ ಮರುಳಸಿದ್ದಮ್ಮನ ಪಾಲಿಗೆ ಬಂತು. ಹನಿ ಬಿದ್ದ ಕೂಡಲೇ ಜಡೆಪ್ಪ ಸಣ್ಣ ಹುಡುಗನಂತೆ ಕಾಲು ಬಡಿಯುತ್ತಿದ್ದ.

"ಉರೀತೈತಿ ಲೇ, ಖಾರದ ಪುಡಿ ಹಾಕಿದಂಗ ಆಗ್ತೈತಿ!"

"ಉರದ್ರ ಉರೀಲಿ. ಕಣ್ಣು ಮುಚ್ಚಬ್ಯಾಡ್ರಿ, ಮದ್ದು ಎಲ್ಲಾ ಗಲ್ಲದ ಮ್ಯಾಲ ಹೋಗ್ತೈತಿ."

ಹೀಗೆ ನಡೆದಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಸಜ್ಜೆ ರೊಟ್ಟಿ, ಪುಂಡಿ ಪಲ್ಯ. ಮಗ ರೇವಣಸಿದ್ದ ಹಂಪಿಯಿಂದ ಆಗಷ್ಟೇ ಬಂದು ಕ್ಯಾಮೆರಾ ಇಳಿಸಿದ್ದ. ಮದುವೆಗೆ ಮುಂಚೆ ಜೋಡಿಗಳನ್ನು ಮಂಟಪಗಳಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಅವನ ಕಸುಬು. ಸೊಸೆ ಕಾವ್ಯ ಚಟ್ನಿ ನೀಡುತ್ತಿದ್ದಳು. ಜಡೆಪ್ಪ ಎತ್ತಿದ ತುತ್ತನ್ನು ಹಾಗೇ ಹಿಡಿದುಕೊಂಡ.

"ಸಿದ್ದಮ್ಮ, ನಿನ್ನ ಹಿಂದ ನಿಂತೋರಿಗೂ ಒಂದೀಟು ನೀಡು."

"ಯಾರ್ರೀ?"

"ಅವರೇ. ಉದ್ದಾನ ಕುಲಾವಿ ಹಾಕ್ಕೊಂಡಾರಲ್ಲ. ಕುಲಾವಿ ತುಂಬ ಹೂವು... ಅಬ್ಬಾ, ಏನ್ ಬಣ್ಣ!"

ಮರುಳಸಿದ್ದಮ್ಮ ತಿರುಗಿ ನೋಡಿದಳು. ಹಿಟ್ಟಿನ ಡಬ್ಬಿ, ಅದರ ಮೇಲೆ ಜರಡಿ.

"ಯಪ್ಪ, ಹಿಂದ ಗೋಡಿ ಐತಿ. ಸುಮ್ಮನ ರೊಟ್ಟಿ ತಿನ್ನು" ಎಂದ ರೇವಣಸಿದ್ದ.

"ನಿನಗ ಕಾಣಂಗಿಲ್ಲ ಬಿಡು" ಎಂದು ಜಡೆಪ್ಪ ನಕ್ಕ. ಅವನು ಅಷ್ಟು ಸಂತೋಷವಾಗಿ ನಕ್ಕು ಎಷ್ಟು ಕಾಲವಾಗಿತ್ತೋ.

ಸುದ್ದಿ ಪಕ್ಕದ ಓಣಿಗೆ ಮುಟ್ಟಲು ಹೊತ್ತು ಬೇಕೆ? ಜಡೆಪ್ಪನ ಅಕ್ಕ ರೇಣುಕಾದೇವಿ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು. ಒಳಗೆ ಬಂದವಳೇ ಮರುಳಸಿದ್ದಮ್ಮನನ್ನು ಬಚ್ಚಲ ಕಡೆಗೆ ಎಳೆದುಕೊಂಡು ಹೋದಳು.

"ಹೆಣದ ಕಣ್ಣು ತೆರೆಸಬ್ಯಾಡೋ ಅಂತ ನಮ್ಮವ್ವ ಇದ್ದಾಗಿಂದ ಬಡಕೊಂಡೀವಿ. ದೇವರು ಮುಚ್ಚಿದ್ದನ್ನ ಇವ ತೆರೆಸಿದ. ಈಗ ಅವರೆಲ್ಲಾ ಬಂದು ನಿಂತಾರ, ಇವನ ಕಣ್ಣು ಕೇಳಾಕ."

"ಅಕ್ಕಾ, ಹಂಗ ಅನಬ್ಯಾಡ್ರಿ."

"ಅನ್ನದಿದ್ರ ಹೋಗ್ತಾರೇನ? ಊರಮ್ಮಗ ಬೆಳ್ಳಿ ಕಣ್ಣಿನ ಹರಕೆ ಹೊತ್ಕೋ. ಶ್ರಾವಣ ಮುಗಿದ ಮ್ಯಾಲ ಒಪ್ಪಿಸು. ಒಪ್ಪಿಸೋತನಕ ಆ ಕಣ್ಣಿಗೆ ಹೊರಗಿನ ಮದ್ದು ಮುಟ್ಟಬಾರದು. ಮುಟ್ಟಿದ್ರ ಹರಕೆ ಹಾಳು."

ಮರುಳಸಿದ್ದಮ್ಮ ಒಂದು ಇಡೀ ದಿನ ಚಡಪಡಿಸಿದಳು. ಡಾಕ್ಟರಮ್ಮನ ಮಾತೂ ಕಿವಿಯಲ್ಲಿತ್ತು. ಆದರೆ ಆ ಮಂದಿ ಕಾಣಿಸಿಕೊಂಡದ್ದು ಮದ್ದು ಶುರುವಾದ ಮೇಲೇ ಅಲ್ಲವೇ? ಮದ್ದೇ ಅವರನ್ನು ಕರೆದುಕೊಂಡು ಬಂದಿದ್ದರೆ? ಗಂಡನಿಗೆ ಹೇಳಿದರೆ ಅಕ್ಕನನ್ನೂ ತನ್ನನ್ನೂ ಸೇರಿಸಿ ಬಯ್ಯುತ್ತಾನೆ. ಮಗನಿಗೆ ಹೇಳಿದರೆ ಮನೆ ರಣರಂಗ. ಕೊನೆಗೆ ಅವಳು ಮದ್ದಿನ ಬಾಟಲಿಯನ್ನು ಬಚ್ಚಲಲ್ಲಿ ಖಾಲಿ ಮಾಡಿ, ಕಾಸಿ ಆರಿಸಿದ ನೀರು ತುಂಬಿದಳು. ಮುಚ್ಚಳ ಕೈಜಾರಿ ಕೆಳಗೆ ಬಿತ್ತು. ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು. ಅಂದಿನಿಂದ ಬೆಳಿಗ್ಗೆ ಸಂಜೆ ನೀರಿನ ಹನಿ.

"ಈಗ ಉರಿಯಂಗಿಲ್ಲೇನ್ರಿ?" ಎಂದು ಒಂದು ದಿನ ಅವಳೇ ಹೆದರುತ್ತ ಕೇಳಿದಳು.

"ರೂಢಿ ಆಗೈತಿ" ಎಂದ ಜಡೆಪ್ಪ.

ಮಂದಿಯೇನೂ ಹೋಗಲಿಲ್ಲ, ಇನ್ನೂ ಹೆಚ್ಚಾದರು. ಜಡೆಪ್ಪ ಅವರನ್ನು ಬರೆಯತೊಡಗಿದ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಕೊಳ, ಹಂಸ, ಮೆಟ್ಟಿಲು ಬರೆದಿದ್ದ ಹಳೆಯ ಪರದೆಯನ್ನು ಕಿತ್ತು ಮಡಿಚಿಟ್ಟು, ಅದರ ಹಿಂದಿನ ಗೋಡೆಗೆ ಕೈಹಚ್ಚಿದ. ಬಚ್ಚಲ ಒಲೆಯ ಇದ್ದಿಲು ತಂದ. ಮಗ ಸಂಡೂರಿನ ಒಂದು ಮದುವೆಗೆ ಹೋಗಿ ಬಂದಾಗ ಬೈಕಿನ ಮಡ್‌ಗಾರ್ಡಿಗೆ ಮೆತ್ತಿದ್ದ ಕೆಂಪು ಮಣ್ಣು ಕೆರೆದು ತಟ್ಟೆಯಲ್ಲಿ ಕಲಸಿಕೊಂಡ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಎಡಗೈಯಲ್ಲಿ ತಡವಿ, ಬಲಗೈಯಲ್ಲಿ ಬರೆಯುತ್ತಿದ್ದ.

ನೆಲದಿಂದ ಎದ್ದ ಮೆಟ್ಟಿಲುಗಳು ಮೇಲೆ ಹೋದವು. ಮೆಟ್ಟಿಲ ತುಂಬ ಗೇಣುದ್ದದ ಮಂದಿ. ಅವರ ಕುಲಾವಿಯ ಒಂದೊಂದು ಹೂವಿನಲ್ಲಿ ಮತ್ತೆ ಒಂದು ಮುಖ. ಬಾಳೆ ಎಲೆಯಂಥ ಕಿವಿಯ ಕುದುರೆಗಳು. ಎಲ್ಲರ ಕಣ್ಣೂ ತೆರೆದೇ ಇದ್ದವು, ಆದರೆ ಒಬ್ಬರೂ ಸತ್ತವರ ಹಾಗೆ ಇರಲಿಲ್ಲ.

ಮರುಳಸಿದ್ದಮ್ಮ ಮೊದಲು ಆ ಕೋಣೆಗೆ ಕಾಲಿಡಲೂ ಹೆದರಿದಳು. ಆಮೇಲೆ ಅಕ್ಕಿಯ ಮೊರ ಹಿಡಿದು ಬಾಗಿಲಲ್ಲಿ ಕೂತಳು. ಒಂದು ದಿನ ಕಲ್ಲು ಆರಿಸುತ್ತ ಆರಿಸುತ್ತ ಕೈ ನಿಂತೇಹೋಯಿತು. ಎಲಾ ಇವನ! ಹೆಣದ ಮುಖಕ್ಕೆ ಕಣ್ಣು ಅಂಟಿಸುತ್ತಿದ್ದ ಈ ಮನುಷ್ಯನ ಹೊಟ್ಟೆಯೊಳಗೆ ಇಷ್ಟು ಮಂದಿ ಎಲ್ಲಿ ಅಡಗಿದ್ದರು? ಒಲೆಯ ಮೇಲಿನ ಬೇಳೆ ಹೊತ್ತಿದ ವಾಸನೆ ಬಂದಾಗಲೇ ಅವಳಿಗೆ ಎಚ್ಚರ.

ಪಕ್ಕದಲ್ಲಿ ಕಾವ್ಯ ಮೊಬೈಲು ಹಿಡಿದು ನಿಂತಿದ್ದಳು. ಅವಳದು ಅದೇ ಚಟ. ರೊಟ್ಟಿಯ ಕಂತೆ, ಒಣಹಾಕಿದ ಸೀರೆಯ ಅಂಚು, ಬಿಸಿಲು ಬಿದ್ದ ಮುಸುರೆ ಪಾತ್ರೆ, ಏನು ಕಂಡರೂ ಫೋಟೋ.

"ನಿಂಗೇನರ ಬುದ್ಧಿ ಐತೇನ ಕಾವ್ಯ? ಬ್ಯಾಳಿ ಹೊತ್ತಾಕತ್ತೈತಿ, ಮೊಬೈಲ್ ಹಿಡಕೊಂಡು ನಿಂತೀಯಲ್ಲ!"

"ಆರಿಸೇ ಬಂದೀನ್ರಿ ಅತ್ತಿ. ಮಾವ ಬರಿಯೋದು ಭಾಳ ಚಂದ ಐತ್ರಿ, ಅದಕ್ಕ ನಿಂತೆ."

"ಚಂದ ಅಂತ. ಮಂದಿ ಮನ್ಯಾಗ ಗಂಡಸರು ಹುಚ್ಚರಾದ್ರ ಚಂದಾನೇ ಇರ್ತೈತಿ."

ರೇವಣಸಿದ್ದನಿಗೆ ಮಾತ್ರ ಗೋಡೆ ಕಂಡರೆ ಮೈ ಉರಿಯುತ್ತಿತ್ತು. ಶಾಲೆಗೆ ಪಾಸ್‌ಪೋರ್ಟ್ ಫೋಟೋ ಬೇಕೆಂದು ಬಂದ ಕೂಸೊಂದು ಗೋಡೆ ನೋಡಿ ಕಿಟಾರನೆ ಕಿರುಚಿತು. ಅದರ ತಾಯಿ ಎದುರಿನ ಅಂಗಡಿಗೆ ಹೋಗಿ ತೆಗೆಸಿಕೊಂಡಳು. ಅವತ್ತು ಊಟದ ಹೊತ್ತಿಗೆ ಮನೆಯಲ್ಲಿ ಬೆಂಕಿ ಹತ್ತಿತು.

"ನಾ ಹಂಪ್ಯಾಗ ಬಿಸಿಲಾಗ ಸಾಯ್ತೀನಿ. ಮಂದಿ ಜೋಡಿ ಕುಣಿಸಿ ತಂದ ರೊಕ್ಕದಾಗ ಒಲಿ ಹತ್ತತೈತಿ. ಇದ್ದ ಒಂದು ಅಂಗಡಿನೂ ಮುಚ್ಚಿಸ್ತೀಯೇನಪಾ?"

"ನೀ ತಗಿಯೋದು ಅರಿವಿ ಬಟ್ಟಿ ಫೋಟೋ, ಮಗನ. ಮಂದಿ ಫೋಟೋ ಅಲ್ಲ."

"ಹೌದು, ನೀ ತಗದದ್ದು ಹೆಣದ ಫೋಟೋ! ಅದರ ಫಲಾನ ಈಗ ಗೋಡಿ ಮ್ಯಾಲ ಬಂದೈತಿ."

"ರೇವಣ್ಣಾ!" ಎಂದು ಮರುಳಸಿದ್ದಮ್ಮ ಕೂಗಿದಳು. ಜಡೆಪ್ಪ ತಟ್ಟೆಯಲ್ಲಿ ರೊಟ್ಟಿ ಹುಡುಕುತ್ತ ಕೈಯನ್ನು ನೆಲದ ಮೇಲೆ ಇಟ್ಟ. ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಶ್ರಾವಣ ಮುಗಿಯಿತು. ಅಕ್ಕಸಾಲಿಗ ಬೆಳ್ಳಿ ಕಣ್ಣು ಕೊಟ್ಟ. ಮರುಳಸಿದ್ದಮ್ಮ ಗಂಡನ ಕೈಹಿಡಿದು ಊರಮ್ಮನ ಗುಡಿಗೆ ಹೋದಳು, ರೇಣುಕಾದೇವಿ ಮುಂದೆ ಮುಂದೆ. ತೆಂಗಿನಕಾಯಿ ಒಡೆಯಿತು, ಬೆಳ್ಳಿ ಕಣ್ಣು ಅಮ್ಮನ ಪಾದಕ್ಕೆ ಬಿತ್ತು. ಮರುಳಸಿದ್ದಮ್ಮ ಸೆರಗೊಡ್ಡಿ ಬೇಡಿಕೊಂಡಳು. ನಾಳೆಯಿಂದ ಹೊಸ ಬಾಟಲಿ ತಂದು ಮದ್ದು ಹಾಕಿದರಾಯಿತು, ಎಲ್ಲ ಸರಿಹೋಗುತ್ತದೆ ಎಂದು ಮನಸ್ಸು ಹಗುರವಾಗಿತ್ತು.

ಮನೆಗೆ ಬಂದರೆ ಗೋಡೆ ಬೆಳ್ಳಗಿತ್ತು. ರೇವಣಸಿದ್ದ ಸುಣ್ಣದ ಬಕೀಟಿನ ಪಕ್ಕ, ಮೊಣಕೈವರೆಗೆ ಸುಣ್ಣ ಮಾಡಿಕೊಂಡು, ಜಗಳಕ್ಕೆ ಸಿದ್ಧನಾಗಿ ನಿಂತಿದ್ದ. ಕಾವ್ಯ ಅಡುಗೆಮನೆಯ ಬಾಗಿಲಲ್ಲಿ ಅಳುತ್ತಿದ್ದಳು. ಮರುಳಸಿದ್ದಮ್ಮ ಈಗ ಇವನು ಏನು ಮಾಡುತ್ತಾನೋ ಎಂದು ಗಂಡನ ಮುಖ ನೋಡಿದಳು.

ಜಡೆಪ್ಪ ಗೋಡೆಯ ಎದುರು ನಿಂತ. ಮೂಗು ಏರಿಸಿದ.

"ಸುಣ್ಣದ ವಾಸನಿ ಬರಾಕತ್ತೈತಿ. ಯಾರ ಮನ್ಯಾಗ ಹೊಡಸಾಕತ್ತಾರ?"

ಅವನು ಜೇಬಿನಿಂದ ಇದ್ದಿಲು ತೆಗೆದು, ಹಸಿ ಗೋಡೆಯ ಮೇಲೆ ಕೈಯಿಟ್ಟು, ಇಲ್ಲದ ಮೆಟ್ಟಿಲ ಕಡೆಗೆ ತೋರಿಸಿದ. "ಇಲ್ಲಿ ನೋಡು ಸಿದ್ದಮ್ಮ, ಇಕಿ ಕಾಲಿಗೆ ಗೆಜ್ಜಿ ಹಾಕಿರಲಿಲ್ಲ ನಿನ್ನೆ. ಈಗ ಹಾಕ್ತೀನಿ. ಗೋಡಿ ಯಾಕ ತಂಪಗೈತಿ? ಮಳಿ ನೀರು ಇಳಿದೈತೇನು?"

ರೇವಣಸಿದ್ದನ ಕೈಯ ಬ್ರಷ್ ಬಕೀಟಿನೊಳಗೆ ಬಿತ್ತು. "ಹೌದು ಯಪ್ಪ, ಮಳಿ ನೀರು" ಎಂದ.

ಮರುದಿನ ಹೊಸಪೇಟೆ. ಡಾಕ್ಟರಮ್ಮ ದೀಪ ಹಿಡಿದು ನೋಡಿದರು, ಯಂತ್ರದಲ್ಲಿ ನೋಡಿದರು, ಮತ್ತೆ ದೀಪ ಹಿಡಿದರು. ಎರಡೂ ಕಣ್ಣು ಹೋಗಿದ್ದವು. ಆ ಮಂದಿಯ ವಿಷಯ ಕೇಳಿ, "ಅದು ಹುಚ್ಚಲ್ಲ, ದೆವ್ವಾನೂ ಅಲ್ಲ. ದೃಷ್ಟಿ ಹೋಗ್ತಾ ಇರೋ ಕೆಲವರಿಗೆ ಹಾಗೆ ಕಾಣ್ಸುತ್ತೆ. ಹೊರಗಿನದು ಕಾಣದೆ ಹೋದಾಗ ತಲೆ ತಾನೇ ಚಿತ್ರ ಮಾಡ್ಕೊಳ್ಳುತ್ತೆ. ಆಗಲೇ ಬಂದು ಹೇಳಬಾರದಿತ್ತೇ?" ಎಂದರು. ಆಮೇಲೆ ಮರುಳಸಿದ್ದಮ್ಮನ ಕಡೆ ತಿರುಗಿದರು. "ಇಷ್ಟು ಬೇಗ ಹೋಗಬಾರದಾಗಿತ್ತಮ್ಮಾ. ಹನಿ ಹಾಕ್ತಿದ್ರಿ ತಾನೇ?"

"ಹಾಕ್ಯಾಳ್ರಿ ಡಾಕ್ಟ್ರೇ, ಒಂದಿನಾನೂ ತಪ್ಪಿಸಿಲ್ಲ" ಎಂದ ಜಡೆಪ್ಪ.

ವಾಪಸು ಬರುವಾಗ ಬಸ್ಸಿನ ಸೀಟಿನಲ್ಲಿ ಗಂಡ ಹೆಂಡತಿ ಇಬ್ಬರೇ. ಬಸ್ಸು ಬುಕ್ಕಸಾಗರ ದಾಟಿತು. ಕಿಟಕಿಯ ಹೊರಗೆ ಭತ್ತದ ಗದ್ದೆ ಹಸಿರೋ ಹಸಿರು. ಅವನು ಕಿಟಕಿಯ ಪಕ್ಕವೇ ಬೇಕೆಂದು ಕೂತಿದ್ದ. ಮರುಳಸಿದ್ದಮ್ಮನಿಗೆ ತಡೆಯಲಾಗಲಿಲ್ಲ.

"ರೀ, ನಾ ಆ ಮದ್ದು..."

"ಗೊತ್ತೈತಿ. ಮದ್ದು ಉರೀತಿತ್ತು. ನೀರು ಉರಿಯಂಗಿಲ್ಲ."

"ಗೊತ್ತಿತ್ತಾ? ಗೊತ್ತಿದ್ದೂ ಯಾಕ ಬಾಯಿ ಬಿಡಲಿಲ್ಲ?"

"ಮದ್ದು ಹಾಕಿದ್ರ ಅವರು ಹೋಗಿಬಿಡ್ತಾರ ಅನಸ್ತು. ನೀ ಅವರು ಹೋಗ್ಲಿ ಅಂತ ನಿಲ್ಲಿಸಿದಿ, ನಾ ಅವರು ಇರ್ಲಿ ಅಂತ ಸುಮ್ಮನಾದೆ. ಜೀವಮಾನೆಲ್ಲಾ ಹೆಣದ ಮುಖ ನೋಡಿದೆ ಸಿದ್ದಮ್ಮ. ಅಷ್ಟು ಚಂದದ ಮಂದಿ ನನ್ನ ಹುಡುಕ್ಕೊಂಡು ಯಾವತ್ತೂ ಬಂದಿರಲಿಲ್ಲ."

ತಪ್ಪು ತನ್ನದು ಎಂದು ಕುಗ್ಗಿ ಕೂತಿದ್ದವಳಿಗೆ ಸಿಟ್ಟು ನೆತ್ತಿಗೇರಿತು.

"ಮತ್ತ ನಾನು? ಮದುವಿ ಆದಾಗಿಂದ ದಿನಾ ನಿಮ್ಮ ಕಣ್ಣ ಮುಂದ ನಿಂತಾಕಿ ನಾನು! ಆ ಕುಲಾವಿ ಮಂದೀನ ನೋಡಾಕ ನನ್ನ ಮುಖ ಬಿಟ್ಟುಕೊಟ್ರಲ್ರೀ!" ಎಂದು ದೊಡ್ಡ ದನಿಯಲ್ಲಿ ಅತ್ತುಬಿಟ್ಟಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರ್ ಟಿಕೆಟ್ ಚೀಲ ಸರಿಮಾಡಿಕೊಂಡು ಹಿಂದಕ್ಕೆ ಹೋದ. ಜಡೆಪ್ಪ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ.

ಆಮೇಲೆ ಮನೆಯಲ್ಲಿ ಮಾತು ಸತ್ತಿತು. ಮರುಳಸಿದ್ದಮ್ಮ ತಟ್ಟೆ ಇಟ್ಟು, ಅವನ ಕೈ ಹಿಡಿದು ರೊಟ್ಟಿಯ ಮೇಲಿಟ್ಟು, ಹೋಗಿಬಿಡುತ್ತಿದ್ದಳು. ರೇಣುಕಾದೇವಿ ಬಂದರೆ ನೀರು ಬೇಕೇ ಎಂದು ಕೂಡ ಕೇಳುತ್ತಿರಲಿಲ್ಲ. ರೇವಣಸಿದ್ದ ಅಪ್ಪನ ಎದುರು ಬರುವುದನ್ನೇ ಬಿಟ್ಟ. ಹಂಪಿಯಲ್ಲಿ ಕೆಲಸವಿಲ್ಲದ ದಿನವೂ ಬೈಕು ತೆಗೆದುಕೊಂಡು ಹೋಗುತ್ತಿದ್ದ. ಇನ್ನು ಆ ಮಂದಿ? ಅವರು ಕಡಿಮೆಯಾಗುತ್ತ ಬಂದರು. ಮೊದಲು ಬಣ್ಣ ಹೋಯಿತಂತೆ, ಆಮೇಲೆ ಹೂವು. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಜಡೆಪ್ಪ ಚಹಾದ ಲೋಟ ಹಿಡಿದು, "ಇವತ್ತು ಯಾರೂ ಬಂದಿಲ್ಲ" ಎಂದ. ಮರುದಿನವೂ ಬರಲಿಲ್ಲ. ಕಣ್ಣೂ ಹೋಯಿತು, ಅದಕ್ಕೆ ಬದಲಾಗಿ ಸಿಕ್ಕದ್ದೂ ಹೋಯಿತು. ಅವನು ಬಿಳಿ ಗೋಡೆಯ ಎದುರು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರತೊಡಗಿದ.

ಒಂದು ಸಂಜೆ ಕಾವ್ಯ ಅತ್ತೆಯ ಪಕ್ಕ ಕೂತು ಮೊಬೈಲು ಹಿಡಿದಳು. "ಅತ್ತಿ, ಬಯ್ಯಂಗಿಲ್ಲ ಅಂದ್ರ ಒಂದು ತೋರಿಸ್ತೀನ್ರಿ."

ಗೋಡೆ ಇತ್ತು ಅದರಲ್ಲಿ. ಮೆಟ್ಟಿಲು, ಕುದುರೆ, ಹೂವಿನ ಮುಖ. ಬೆರಳಿನಿಂದ ಸರಿಸಿದರೆ ರೊಟ್ಟಿ ತಟ್ಟುವ ಎರಡು ಕೈ. ಒಡೆದ ಹಿಮ್ಮಡಿ. ಮತ್ತೆ ಸರಿಸಿದರೆ ಒಬ್ಬ ಹೆಂಗಸು, ಮಡಿಲಲ್ಲಿ ಅಕ್ಕಿಯ ಮೊರ, ಬಾಯಿ ಅರ್ಧ ತೆರೆದಿದೆ, ತಲೆ ಎತ್ತಿ ನೋಡುತ್ತಿದ್ದಾಳೆ. ಕಣ್ಣು ತುಂಬ ಬೆರಗು. ಜಾತ್ರೆಗೆ ಮೊದಲ ಸಲ ಬಂದ ಹುಡುಗಿಯ ಮುಖ.

"ಇದು ನಾನೇನ?"

"ನೀವೇ ಅತ್ತಿ. ಬ್ಯಾಳಿ ಹೊತ್ತಿದ ದಿನ."

ಮರುಳಸಿದ್ದಮ್ಮ ಮೊಬೈಲು ಕಿತ್ತುಕೊಂಡವಳೇ ಓಡಿದಳು. ಗಂಡನ ಮುಖದ ಮುಂದೆ ಹಿಡಿದು, "ರೀ, ನೋಡ್ರಿ ಇಲ್ಲಿ!" ಎಂದಳು. ಅಂದ ಮೇಲೆ ನೆನಪಾಯಿತು. ಕೈ ಅಲ್ಲೇ ನಿಂತಿತು.

"ಏನೈತಿ?" ಎಂದ ಜಡೆಪ್ಪ.

"ಏನಿಲ್ಲ."

"ಅತ್ತಿ ಫೋಟೋ ಐತ್ರಿ ಮಾವ, ನಿಮ್ಮ ಗೋಡಿ ನೋಡಿಕೋತ ಕುಂತಾರ. ಬಾಯಿ ತೆರಕೊಂಡು. ಭಾಳ ಚಂದ ಕಾಣ್ತಾರ" ಎಂದಳು ಹಿಂದೆ ಬಂದ ಕಾವ್ಯ.

ಜಡೆಪ್ಪ ಹೆಂಡತಿಯ ದನಿ ಬಂದ ಕಡೆಗೆ ತಿರುಗಿದ. "ನಿನ್ನ ಮುಖ ಮರೀತಾ ಬಂದೈತಿ ಸಿದ್ದಮ್ಮ" ಎಂದ. "ಇದ್ದಿಲು ತಾ. ಎದುರು ಕುಂದ್ರು."

ಬೇಡವೆನ್ನಬೇಕೆಂದಿದ್ದಳು. ಆದರೆ ಕಾಲು ತಾನೇ ಬಚ್ಚಲ ಒಲೆಯ ಕಡೆ ನಡೆಯಿತು.

ಅವನು ಅವಳ ಹಣೆ, ಮೂಗು, ಗಲ್ಲದ ಮೇಲೆ ಬೆರಳಾಡಿಸಿದ. ಎಡಗೈಯ ಹೆಬ್ಬೆರಳನ್ನು ಗೋಡೆಗೆ ಒತ್ತಿ ಗುರುತು ಹಿಡಿದುಕೊಂಡು, ಅದರ ಸುತ್ತ ಬರೆದ. ಬೈತಲೆ, ಕಿವಿಯ ಓಲೆ, ಮೂಗುಬಟ್ಟು, ಗದ್ದದ ಮೇಲಿನ ಗುಳಿ. ಅವಳದೇ ಮುಖ, ತಪ್ಪೇ ಇಲ್ಲ. ಕಣ್ಣು ಮಾತ್ರ ಉಳಿಯಿತು. ಕಣ್ಣು ಯಾವಾಗಲೂ ಕಡೆಗೆ ತಾನೇ? ಜಡೆಪ್ಪ ಅವಳ ಕಡೆ ತಿರುಗಿದ. ಗಿರಾಕಿಗಳ ಎದುರು ಎತ್ತುತ್ತಿದ್ದ ಹಾಗೆ ಎಡಗೈ ಮೇಲೆತ್ತಿದ, ಹಳೆಯ ರೂಢಿ ಎಲ್ಲಿಗೆ ಹೋಗುತ್ತದೆ.

"ಇಲ್ಲಿ ನೋಡು. ರೆಪ್ಪಿ ಬಡೀಬ್ಯಾಡ."

ಹೆಬ್ಬೆರಳು ಗೋಡೆ ಬಿಟ್ಟಿತ್ತು. ಮರುಳಸಿದ್ದಮ್ಮ ಕೂಗಬೇಕೆಂದು ಬಾಯಿ ತೆರೆದು ಮುಚ್ಚಿದಳು. ಅವನು ಮತ್ತೆ ಗೋಡೆಗೆ ತಿರುಗಿ, ಮುಖದಿಂದ ಒಂದು ಗೇಣು ಆಚೆಗೆ, ಸ್ವಿಚ್ ಬೋರ್ಡಿನ ಪಕ್ಕದ ಬರೀ ಸುಣ್ಣದ ಮೇಲೆ, ಎರಡು ಕಣ್ಣು ಬರೆದ. ರೆಪ್ಪೆಯ ಒಂದೊಂದು ಕೂದಲನ್ನೂ ಬಿಡಲಿಲ್ಲ. ಅಷ್ಟು ಚಂದದ ಕಣ್ಣನ್ನು ಅವನು ಯಾರಿಗೂ ಬರೆದುಕೊಟ್ಟಿರಲಿಲ್ಲ.

"ಸರಿ ಬಂದಾವೇನು?"

"ಬಂದಾವ" ಎಂದಳು. ಬಾಯಿ ತೆರೆದ ಕಾವ್ಯಳಿಗೆ ಕೈ ತೋರಿಸಿ ಸುಮ್ಮನಾಗಿಸಿದಳು. ಅವನು ಹೇಳಿದ ಹಾಗೆ ಅವಳು ರೆಪ್ಪೆ ಬಡಿದಿರಲಿಲ್ಲ. ನೀರು ಗದ್ದದಿಂದ ಸೀರೆಯ ಮೇಲೆ ಬೀಳುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ರೇವಣಸಿದ್ದ ಬಂದ. ಗೋಡೆಯ ಎದುರು ನಿಂತವನು ನಿಂತೇ ಇದ್ದ. ಕಣ್ಣಿಲ್ಲದ ಅವ್ವನ ಮುಖ, ಅದರ ಪಕ್ಕ ಮುಖವಿಲ್ಲದ ಕಣ್ಣು. ಒಳಗೆ ಅಪ್ಪ ಮಲಗಿದ್ದ. ರೇವಣಸಿದ್ದ ಕೆಳಗೆ ಬಿದ್ದಿದ್ದ ಇದ್ದಿಲು ಎತ್ತಿಕೊಂಡ. ಕಣ್ಣು ತೆರೆಸುವುದನ್ನು ಅಪ್ಪನೇ ಕಲಿಸಿದ್ದನಲ್ಲ. ಅವ್ವನನ್ನು ಒಮ್ಮೆ ನೋಡಿ, ಗೋಡೆಯ ಮುಖದ ಕಡೆ ಕೈ ಚಾಚಿದ.

ಮರುಳಸಿದ್ದಮ್ಮ ಮಗನ ಕೈ ಹಿಡಿದಳು.

"ಬ್ಯಾಡ. ನೀವು ಹಂಗ ತೆರೆಸೋದು ಸತ್ತೋರಿಗೆ. ನಾ ಇನ್ನೂ ಅದೀನಿ."

ಇದ್ದಿಲು ಅವನ ಕೈಯಿಂದ ಬಿಡಿಸಿಕೊಂಡು ಒಲೆಗೆ ಹಾಕಲು ಹೋದಳು. "ಕೈ ತೊಳಕೊಂಡು ಬಾ" ಎಂದಳು, "ಉಣ್ಣಾಕ ನೀಡ್ತೀನಿ."